ಕಂಡಿಕೆ ಹಿಡಿಕೆಯ ಚಮಚ

ಯುಗಾದಿಗೆ ಮೊದಲು ಬನಹಟ್ಟಿಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಓಣಿಯ ಗುಂಪಿನಲ್ಲಿ ಒಂದು ಕಟ್ಟಳೆ ಇದೆ. ಹೊರಡುವ ಹಿಂದಿನ ಸಂಜೆ ಎಲ್ಲರೂ ತಮ್ಮ ಚೀಲ ಹೊತ್ತು ಮಠದ ಅಂಗಳಕ್ಕೆ ಬರಬೇಕು. ಚೀಲವನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು ಎತ್ತಿ, ಇಪ್ಪತ್ತು ಎಣಿಸುವವರೆಗೆ ಹಿಡಿದು ನಿಲ್ಲಬೇಕು. ಕೈ ಇಳಿಯಿತೋ, ಚೀಲ ಬಿಚ್ಚಿ ಎಲ್ಲರೆದುರು ಬೇಡದ್ದನ್ನು ತೆಗೆದಿಡುತ್ತಾರೆ. ಬಹಳ ವರ್ಷ ಈ ತೆಗೆದಿಡುವ ಕೆಲಸ ನನ್ನ ಕಾಕಾನದು, ಅಂದರೆ ಅಪ್ಪನ ತಮ್ಮನದು. ತನ್ನ ಬಾಚಣಿಕೆಯನ್ನೇ ಮುರಿದು ಅರ್ಧ ಒಯ್ಯುವ ಮನುಷ್ಯ. ಬೇರೆಯವರಿಗೆ ದಯೆ ತೋರಿಸುವ ಪ್ರಶ್ನೆ ಇರಲಿಲ್ಲ.

ಎರಡು ವರ್ಷದ ಹಿಂದೆ ನಾನೂ ಬೀಳಗಿಯವರೆಗೆ ನಡೆದಿದ್ದೆ. ಭಕ್ತಿಯಿಂದಲ್ಲ. ನಡೆದು ಹೋದರೆ ಕಾಲು ಗಟ್ಟಿ ಇದೆ ಎಂದು ಸಿದ್ಧವಾಗುತ್ತದೆಯೇ ಹೊರತು ಶ್ರೀಶೈಲದ ಮಲ್ಲಯ್ಯ ಇದ್ದಾನೆ ಎಂದಲ್ಲ ಎಂದು ಮನೆಯಲ್ಲಿ ವಾದಿಸಿದ್ದೆ. ಹಾಗಾದರೆ ನಿನ್ನ ಕಾಲಾದರೂ ಗಟ್ಟಿ ಇದೆಯೋ ನೋಡೋಣ ಎಂದು ಕಾಕಾ ಎಳೆದುಕೊಂಡು ಹೋಗಿದ್ದ. ಆ ಸಂಜೆ ನನ್ನ ಚೀಲದಿಂದ ಅವನು ಹೊರಗೆಳೆದದ್ದು ಒಂದು ಸ್ಟೀಲಿನ ಚಮಚ.

"ಇದ್ಯಾಕ ಬೇ? ದೇವ್ರು ಐದು ಬಟ್ಟ ಕೊಟ್ಟಾನ. ಸಾಲಲಿಲ್ಲಂತ ಆರನೇದು ಮಾಡಿಸ್ಕೊಂಡ್ ಬಂದೀ?"

ಐದು ಬೆರಳು ದೇವರೇ ಕೊಟ್ಟ ಎನ್ನುವುದಕ್ಕೆ ಪುರಾವೆ ಕೊಡು ಎಂದೆ. ನನ್ನ ಮಾತು ಯಾರಿಗೂ ಕೇಳಲಿಲ್ಲ, ನಗು ಅಷ್ಟು ಜೋರಾಗಿತ್ತು. ಅಂದಿನಿಂದ ಗುಂಪಿನಲ್ಲಿ ಅದು ಗಾದೆಯಾಯಿತು. ಯಾರಾದರೂ ಛತ್ರಿ ತಂದರೂ, ಎರಡನೆಯ ಟಾವೆಲ್ ತಂದರೂ "ಆರನೇ ಬಟ್ಟ" ಎನ್ನುತ್ತಿದ್ದರು.

ಕಳೆದ ದೀಪಾವಳಿಯ ನಂತರ, ವಿದ್ಯುತ್ ಮಗ್ಗ ನೇಯುತ್ತಿದ್ದ ಕಾಕಾನ ಬಲಗೈ ಮೋಟಾರಿನ ಪಟ್ಟಿಗೆ ಸಿಕ್ಕಿತು. ಕೈ ಉಳಿಯಿತು. ಹೆಬ್ಬೆರಳು, ತೋರುಬೆರಳು ಮೊದಲಿನಂತಿವೆ. ಉಳಿದ ಮೂರು ಮಡಚುವುದಿಲ್ಲ. ಅನ್ನ ಕಲಸಿ ತುತ್ತು ಮಾಡಲು ಆಗುವುದಿಲ್ಲ. ಎಡಗೈಯಿಂದ ಉಣ್ಣಲು ಅವನು ಒಪ್ಪಲಿಲ್ಲ. ಅವನ ಹೆಂಡತಿ, ನನ್ನ ಚಿಗವ್ವ, ಕಲಸಿ ಕೊಟ್ಟದ್ದನ್ನು ಚಮಚದಿಂದ ಉಣ್ಣುತ್ತಿದ್ದ. ಚಮಚದ ತೆಳ್ಳನೆಯ ಹಿಡಿ ಎರಡು ಬೆರಳ ನಡುವೆ ತಿರುಗಿ, ಬಾಯಿಗೆ ಬರುವಷ್ಟರಲ್ಲಿ ಅರ್ಧ ಕೆಳಗೆ. ಹಾಗಾಗಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಶಿವರಾತ್ರಿ ಸುಮಾರಿಗೆ, ಈ ವರ್ಷ ನಡೆಯುವುದಿಲ್ಲ ಎಂದ.

"ಯಾಕ?" ಎಂದೆ.

"ಚಮಚಾ ಒಯ್ಯಬೇಕಾಗ್ತೈತಿ. ಭಾರ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ತಿರುಗಿ ಬಂದವರಿಗೆ ಒಂದು ಚಟ ಅಂಟಿರುತ್ತದೆ: ಎದುರಿನವರು ಕೊಟ್ಟ ಕಾರಣವನ್ನೇ ಕಾರಣ ಎಂದು ನಂಬಿ, ಅದನ್ನು ಮುರಿಯಲು ಹೊರಡುವುದು. ನಾನು ಹೊರಟೆ. ಅವನ ಚಮಚವನ್ನು ರಬಕವಿಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಗೆ ಒಯ್ದು ತೂಗಿಸಿದೆ. ಮೂವತ್ತನಾಲ್ಕು ಗ್ರಾಂ.

"ಬಂಗಾರಲ್ಲ, ಬೆಳ್ಳಿ ಅಲ್ಲ," ಪತ್ತಾರರು ತಕ್ಕಡಿಯಿಂದ ಎತ್ತಿ ನೋಡಿದರು. "ಒತ್ತಿ ಇಡಾಕ ಬಂದೀರೇನ್ ತಂಗಿ?"

ಮೂವತ್ತನಾಲ್ಕು ಗ್ರಾಂ ಅಂದರೆ ಒಂದು ಮುಷ್ಟಿ ಶೇಂಗಾ ಎಂದು ಕಾಕಾನಿಗೆ ಹೇಳಿದೆ. ನಡೆಯುವಾಗ ಅವನು ಜೇಬಿನಲ್ಲಿ ಅದಕ್ಕಿಂತ ಹೆಚ್ಚು ಶೇಂಗಾ ಇಟ್ಟುಕೊಳ್ಳುತ್ತಾನೆ.

"ಶೇಂಗಾ ತಿಂದ್ರ ಕಡಿಮಿ ಆಗ್ತಾವ. ಚಮಚಾ ಆಗ್ತೈತೇನು?"

ಸರಿ, ಹಗುರ ಚಮಚ ಹುಡುಕಿದೆ. ಮದುವೆ ಮನೆಯ ಪ್ಲಾಸ್ಟಿಕ್ ಚಮಚ ಬಿಸಿ ಬೇಳೆಗೆ ಬಾಗಿತು. ಬಿದಿರು ಸೀಳಿ ನಾನೇ ಮಾಡಿದ್ದು ಹಗುರಾಗಿತ್ತು. ಅದರ ಸಿಬಿರು ಕಾಕಾನ ತುಟಿಗೆ ಚುಚ್ಚಿತು. "ಇದರಕಿಂತ ಮಗ್ಗ ಛಲೋ," ಎಂದ.

ದಾರಿ ಸಿಕ್ಕಿದ್ದು ಮಗ್ಗದ ಶೆಡ್ಡಿನಲ್ಲೇ. ಕೈಗೆ ಪೆಟ್ಟಾದ ಮೇಲೆ ಕಾಕಾನನ್ನು ಕಂಡಿಕೆ ಸುತ್ತುವ ಯಂತ್ರದ ಮುಂದೆ ಕೂರಿಸಿದ್ದರು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ, ನೂಲು ಸುತ್ತುವ ಟೊಳ್ಳು ಕಡ್ಡಿ; ಗೇಣುದ್ದ, ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣ. ಅವನು ಅದೇ ಎರಡು ಬೆರಳಿಂದ ಒಂದರ ಹಿಂದೆ ಒಂದು ಎತ್ತಿ ಯಂತ್ರಕ್ಕೆ ಸಿಕ್ಕಿಸುತ್ತಿದ್ದ. ಒಂದೂ ಬೀಳುತ್ತಿರಲಿಲ್ಲ, ಒಂದೂ ತಿರುಗುತ್ತಿರಲಿಲ್ಲ. ಕಂಡಿಕೆಯ ದಪ್ಪ ಬುಡ ಅಂಗೈಗೆ ಆತುಕೊಂಡಿರುತ್ತಿತ್ತು.

ಸವೆದು ಬಿಸಾಡಿದ ಒಂದು ಮರದ ಕಂಡಿಕೆ ತಂದೆ. ಚಮಚದ ಹಿಡಿಯನ್ನು ಅರ್ಧಕ್ಕೆ ಕೊಯ್ದು, ಅದರ ಬಾಲವನ್ನು ಕಂಡಿಕೆಯ ಸಣ್ಣ ತುದಿಯ ತೂತಿಗೆ ಬಡಿದು, ಬಿದಿರಿನ ಚಕ್ಕೆ ತುರುಕಿ ಬಿಗಿ ಮಾಡಿದೆ. ಭಾರ ಉಳಿಸಲೆಂದು ಕಂಡಿಕೆಯ ದಪ್ಪ ಬುಡವನ್ನೂ ಕೊಯ್ದುಹಾಕಿದೆ. ಇಪ್ಪತ್ತೆರಡು ಗ್ರಾಂ. ಪತ್ತಾರರು ಈ ಸಲ ನಗಲಿಲ್ಲ, ಚಹಾ ತರಿಸಿದರು.

ಅದರಿಂದ ಕಾಕಾ ಎರಡು ತುತ್ತು ಉಂಡ. ಮೂರನೆಯದು ಕೆಳಗೆ ಬಿತ್ತು. ಅಂಗೈಗೆ ಆತುಕೊಳ್ಳಬೇಕಾದ ಬುಡವನ್ನೇ ನಾನು ಕೊಯ್ದಿದ್ದೆ. ಇನ್ನೊಂದು ಕಂಡಿಕೆ ತಂದು ಅದೇ ಚಮಚಕ್ಕೆ ಇಡಿಯಾಗಿ ಹಾಕಿದೆ. ಈಗ ಚೆಲ್ಲಲಿಲ್ಲ. ತೂಗಿದರೆ ನಲವತ್ತೊಂದು ಗ್ರಾಂ. ಹಳೆಯ ಚಮಚಕ್ಕಿಂತ ಏಳು ಗ್ರಾಂ ಹೆಚ್ಚು. ಹಗುರ ಮಾಡಲು ಹೊರಟು ಭಾರ ಮಾಡಿದ್ದೆ.

ಇದನ್ನು ಹೇಗೆ ಸಮರ್ಥಿಸುವುದು ಎಂದು ಯೋಚಿಸುತ್ತ ಕೂತಾಗ ಚಿಗವ್ವ ರೊಟ್ಟಿ ತಟ್ಟುತ್ತಲೇ ಹೇಳಿದಳು. "ಎಷ್ಟ ತೂಗತಿ ಬೇ? ಅವ್ರಿಗೆ ಚಮಚಾ ಭಾರಲ್ಲ. ಐದು ಬಟ್ಟ, ಆರನೇ ಬಟ್ಟ ಅಂತ ಊರ ಮಂದಿಗೆಲ್ಲ ಅಂದ್ಕೋತ ಬಂದಾರ. ಈಗ ಚೀಲ ಬಿಚ್ಚಿದ್ರ ಅದನ್ನ ಅವ್ರಿಗೇ ಅಂತಾರಂತ ಹೆದ್ರಿಕಿ."

ಹಾಗಾದರೆ ಚೀಲ ಬಿಚ್ಚಬೇಡಿ ಎಂದು ಗುಂಪಿನವರಿಗೆ ಹೇಳಿ ಬರುತ್ತೇನೆ ಎಂದೆ.

"ಹೇಳು. ಆಮ್ಯಾಲ ಅವ್ರು ಹೊಸ್ತಿಲಾನೂ ದಾಟೂದಿಲ್ಲ."

ಕಾಕಾ ಹಿಂದೆಯೇ ನಿಂತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಒಲೆಯ ಹತ್ತಿರ ಕೂತು, ಹೊಸ ಚಮಚ ತೆಗೆದುಕೊಂಡು ತಾಟು ಕೇಳಿದ. ಗೋಡೆಗೆ ಬೆನ್ನು ಮಾಡಿ ಕೂತಿದ್ದ.

ಹೊರಡುವ ಹಿಂದಿನ ಸಂಜೆ ಚೀಲ ಹೊತ್ತು ಮಠಕ್ಕೆ ಹೋದ. ನಾನೂ ನನ್ನ ಚೀಲ ತಂದಿದ್ದೆ. ಈ ವರ್ಷ ಚೀಲ ಬಿಚ್ಚಲು ನಿಂತವಳು ಸಂತೆಯಲ್ಲಿ ರೊಟ್ಟಿ ಮಾರುವ ಮುದುಕಿ. ಅವಳ ಎಲೆ-ಅಡಿಕೆ ಡಬ್ಬಿಯನ್ನು ಕಾಕಾ ಪ್ರತಿ ವರ್ಷ ತೆಗೆದಿಡುತ್ತಿದ್ದ. ಅವಳು ಅದನ್ನು ಮರೆತಿರಲಿಲ್ಲ. ಕಾಕಾ ಎಡಗೈಯ ಕಿರುಬೆರಳಲ್ಲಿ ಚೀಲ ಎತ್ತಿದ. ಹದಿನಾರಕ್ಕೆ ಕೈ ಇಳಿಯಿತು. ಬಲಗೈ ರೂಢಿಯವನಿಗೆ ಎಡಗೈಯಲ್ಲಿ ಬಲ ಎಷ್ಟಿದ್ದೀತು, ಇದು ನ್ಯಾಯವೇ ಎಂದು ಕೇಳಬೇಕೆನಿಸಿತು. ಕಾಕಾ ನನ್ನ ಕಡೆ ನೋಡಿದ.

ಮುದುಕಿ ಚೀಲ ಬಿಚ್ಚಿ, ಚಮಚವನ್ನು ಎಲ್ಲರಿಗೆ ಕಾಣುವಂತೆ ಎತ್ತಿ ಹಿಡಿದಳು.

"ಇದೇನ್ರಿ ಮಾಲಕ್ರ? ಐದು ಬಟ್ಟ ಕೊಟ್ಟಾನಲ್ಲ ದೇವ್ರು?"

ಯಾರೂ ನಗಲಿಲ್ಲ. ನಗಬೇಕೋ ಬೇಡವೋ ಎಂದು ಕಾಕಾನ ಮುಖ ನೋಡುತ್ತಿದ್ದರು.

"ಕೊಟ್ಟಿದ್ನವ್ವ," ಎಂದ ಕಾಕಾ. "ಮೂರು ತಿರುಗಿ ಇಸ್ಕೊಂಡ. ಅದರ ಬದ್ಲಿ ಅದು. ಇಡ ಒಳಗ."

"ಇಡ್ತೇನಿ. ಕೈ ಇಳೀತಲ್ಲ, ಬದ್ಲಿ ಏನರ ತಗೀಬೇಕಲ್ರಿ."

"ಬಾಚಣಿಕಿ ತಗಿ."

"ಅರ್ಧ ಬಾಚಣಿಕಿ ಏನ್ ತೂಗತೈತಿ? ಪಂಜೆ ತಗೀತೇನಿ. ಎರಡ ಅದಾವ." ಪಂಜೆ ಮಡಚಿ ನನ್ನ ಕೈಗೆ ಕೊಟ್ಟಳು. ಆಮೇಲೆ ತನ್ನ ಸೊಂಟದ ಚೀಲದಿಂದ ಎಲೆ-ಅಡಿಕೆ ಡಬ್ಬಿ ತೆಗೆದು ಕಾಕಾನ ಮೂಗಿನ ಕೆಳಗೆ ಆಡಿಸಿ ಮತ್ತೆ ಒಳಗಿಟ್ಟಳು. ಆಗ ಎಲ್ಲರೂ ನಕ್ಕರು. ಕಾಕಾನೂ.

ಎರಡನೆಯ ದಿನ ಸಂಜೆ ಬೀಳಗಿ ಮುಟ್ಟಿದೆವು. ಊರ ಹೊರಗೆ ರೈತರೊಬ್ಬರು ಪೆಂಡಾಲ್ ಹಾಕಿ ನಡೆಯುವವರಿಗೆ ಊಟಕ್ಕೆ ಹಾಕುತ್ತಿದ್ದರು. ಉದ್ದ ಪಂಕ್ತಿಯಲ್ಲಿ ಚಮಚ ಹಿಡಿದವನು ಕಾಕಾ ಒಬ್ಬನೇ. ಸಾರಿನ ಬಕೆಟ್ಟು ಹಿಡಿದು ಬಂದ ಮನುಷ್ಯ ಅವನ ಮುಂದೆ ನಿಂತು ಕೈ ನೋಡಿದ.

"ಯಾಕ್ರಿ ಯಜಮಾನ್ರ, ಕೈಗೆ ಏನಾತು?"

"ಮಗ್ಗ ಹಿಡೀತ್ರಿ," ಎಂದ ಕಾಕಾ. "ಸಾರು ಹಾಕ್ರಿ. ತೆಳೂದು ಬ್ಯಾಡ, ಕೆಳಗಿಂದು ಹಾಕ್ರಿ."

ಮರುದಿನ ಬೆಳಿಗ್ಗೆ ನಾನು ಕಾಕಾನ ಪಂಜೆ ಇಟ್ಟುಕೊಂಡು ಊರಿಗೆ ಮರಳಲು ಜಮಖಂಡಿ ಬಸ್ಸು ಹತ್ತಿದೆ. ಅವರು ಮುಂದೆ ನಡೆದರು.