ಕಂಬದ ತಳ ಕೇಳಿದ ಸಾಬವ್ವ

ಮಾದನಹಿಪ್ಪರಗಾದ ಸಾಬವ್ವನಿಗೆ ಮೂವತ್ತೊಂದು ದಿನದ ಕೂಲಿ ಇನ್ನೂ ಬರಬೇಕಾಗಿದೆ. ೧೯೪೫ರಲ್ಲಿ ರಸ್ತೆಯ ಗುತ್ತೇದಾರ ಜಗದೇವಪ್ಪ ಅದನ್ನು ತಡೆಹಿಡಿದ. ಅವಳು ಕದ್ದಿರಲಿಲ್ಲ, ಕೆಲಸ ತಪ್ಪಿಸಿರಲಿಲ್ಲ. ಚಾವಡಿಯ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದಿದ್ದಳು, ಅಷ್ಟೆ.

ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯಲು ಬರುವ ಮೊದಲು ಅವಳು ಅಪ್ಪ ಮಲ್ಕಪ್ಪನ ಜೊತೆ ಹಗೇವಿಗೆ ಇಳಿಯುತ್ತಿದ್ದಳು. ಹಗೇವು ಅಂದರೆ ನೆಲ ತೋಡಿ ಜೋಳ ತುಂಬಿಡುವ ಗುಂಡಿ. ಗುಂಡಿಯ ಬಾಯಿ ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸಾಯುತ್ತಾನೆ. ಹಾಗಾಗಿ ಜೋಳ ಧಣಿಗಳದ್ದು, ಇಳಿಯುವುದು ನಮ್ಮ ಕೇರಿಯವರ ಪಾಲಿನದು. ಕೆಲವರು ತಳಕ್ಕೆ ಮಣ್ಣು ತುಂಬಿ, ಮೇಲೆ ಕಾಳು ಹರಡಿ, ಗುಂಡಿ ತುಂಬಿದೆ ಎಂದು ವ್ಯಾಪಾರಿಗೆ ತೋರಿಸುತ್ತಿದ್ದರು. ಸಾಬವ್ವ ಕಂಡದ್ದನ್ನು ನಂಬುವವಳಲ್ಲ. ಬಿದಿರಿನ ಗಳ ಚುಚ್ಚಿ, ಅದು ತಳಕ್ಕೆ ತಾಕಿದ ಸಪ್ಪಳ ಕೇಳಿ, ಆಮೇಲೆ ಬೆರಳಿನಿಂದ ಅಳೆದು ಎಷ್ಟು ಕಾಳಿದೆ ಎಂದು ಹೇಳುತ್ತಿದ್ದಳು. ಅಕ್ಷರ ಅವಳಿಗೆ ಒಂದೂ ಬರುತ್ತಿರಲಿಲ್ಲ.

ಆ ವರ್ಷ ಖಡಿ ಒಡೆಯುವ ನಮ್ಮ ದಿನಗೂಲಿ ಏಳಾಣೆ. ಎರಡು ವರ್ಷದ ಹಿಂದೆ ಆರಾಣೆ ಇತ್ತು. ಯುದ್ಧದ ತುಟ್ಟಿ ಬಂದು ಜೋಳ ಕೈಗೆ ಸಿಗದಂತಾದಾಗ ಹತ್ತಾಣೆ ಕೊಡಿ ಎಂದು ಸುತ್ತಿಗೆ ಕೆಳಗಿಟ್ಟೆವು. ಎಂಟು ದಿನ ಕೆಲಸ ನಿಂತಿತು, ಒಲೆಗಳೂ ನಿಂತವು. ಒಂಬತ್ತನೆಯ ದಿನ ತಹಶೀಲ್ದಾರ ಸಾಹೇಬರು ತೀರ್ಪು ಹೇಳಲು ಬರುವವರಿದ್ದರು. ಅವರು ಇಲ್ಲ ಅಂದರೆ ಮರುದಿನ ಏಳಾಣೆಗೇ ತಲೆ ಬಗ್ಗಿಸಿ ಹೋಗಬೇಕಿತ್ತು.

ಅಂದು ಬೆಳಿಗ್ಗೆ ಗುತ್ತೇದಾರನ ಕಾರಕೂನ ಪಾಂಡುರಂಗ ಚಾವಡಿಯ ಗೋಡೆಗೆ ಒಂದು ದೊಡ್ಡ ಹಾಳೆ ತೂಗುಹಾಕಿದ. ಅದರಲ್ಲಿ ಕೆಂಪು ಮಸಿಯ ಮೂರು ಕಂಬಗಳು, ಒಂದೊಂದು ವರ್ಷದ ಕೂಲಿಗೆ ಒಂದೊಂದು. ಮೊದಲನೆಯದು ಗಿಡ್ಡ, ಎರಡನೆಯದು ಅದರ ಎರಡರಷ್ಟು, ಮೂರನೆಯದು ಮೂರರಷ್ಟು. ಬದಿಯಲ್ಲಿ ಆಗಿನ ಸರಕಾರಿ ಭಾಷೆ ಉರ್ದುವಿನ ಅಂಕಿಗಳು. ಉರ್ದು ನಾಲ್ಕನೇ ಇಯತ್ತೆ ಓದಿದ ನಾನೂ ಬೆಪ್ಪಾಗಿ ನಿಂತೆ. ಕೂಲಿ ಮೂರು ಪಟ್ಟು ಏರಿದಂತೆ ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮವರೇ ಕೆಲವರು ಮುಖ ಕೆಳಗೆ ಹಾಕಿದರು.

ಸಾಬವ್ವ ಕಟ್ಟೆಯ ಕೆಳಗೆ ನಿಂತಿದ್ದಳು. ನಮ್ಮ ಕೇರಿಯವರು ಚಾವಡಿ ಕಟ್ಟೆ ಏರುವಂತಿರಲಿಲ್ಲ. ಅವಳು ಆ ಕಂಬಗಳನ್ನು ಹಗೇವು ಎಂದೇ ತಿಳಿದಳು. ಗುಂಡಿಯನ್ನು ನಡುವೆ ಸೀಳಿ, ಒಳಗೆ ಎಷ್ಟು ಕಾಳಿದೆ ಎಂದು ಬರೆದಿದ್ದಾರೆ ಅಂದುಕೊಂಡು, ಇವು ಯಾರ ಹಗೇವು ಎಂದು ಕೇಳಿದಳು. ಜನ ನಕ್ಕರು. ಪಾಂಡುರಂಗನೂ ನಕ್ಕು, ಇದು ಕಾಳಲ್ಲ ಕೂಲಿ, ಕಂಬ ಎತ್ತರ ಆದಷ್ಟೂ ಕೂಲಿ ಜಾಸ್ತಿ ಎಂದು ತಿಳಿಹೇಳಿದ.

ಅವಳು ನಗದೆ ಕಣ್ಣಳತೆಯಲ್ಲೇ ಕಂಬಗಳ ಬೆರಳು ಎಣಿಸಿದಳು. “ಹಂಗಾರ ಇದರ ತಳ ಎಲ್ಲದರಿ, ಕಾರಕೂನಸಾಬ್ರ?”

“ಕೆಳಗಿನ ಗೆರೀನ ತಳ ಬೇ. ಕಣ್ಣು ಕಾಣಾಂಗಿಲ್ಲೇನು?”

“ಕಾಣತಾವ್ರಿ. ಮೊದಲ್ನೇದು ನಾಕು ಬೆರಳದ. ಅದು ಆರಾಣೆ. ಕಡೀದು ಹನ್ನೆರಡು ಬೆರಳದ. ಅಂದ್ರ ಹದಿನೆಂಟಾಣೆ ಆಗಬೇಕು. ನನ್ನ ಕೈಯಾಗ ಏಳಾಣೆ ಬರಾಕತ್ತಾವ. ಉಳಿದ ಹನ್ನೊಂದಾಣೆ ಯಾರ ಹೊಟ್ಯಾಗ ಹೋದ್ವು?”

ಅವಳು ನನ್ನ ಕಡೆ ತಿರುಗಿ, ಕೆಳಗಿನ ಗೆರೆಯ ಹತ್ತಿರ ಏನು ಬರೆದಿದೆ ಎಂದು ಕೇಳಿದಳು. ಆಗ ನೋಡಿದೆ. ಸೊನ್ನೆ ಇರಲಿಲ್ಲ. ಐದೂವರೆ ಎಂದಿತ್ತು. ಹಾಳೆ ಐದೂವರೆ ಆಣೆಯಿಂದ ಶುರುವಾಗಿತ್ತು. ಅದರ ಕೆಳಗಿನದೆಲ್ಲ ಕತ್ತರಿಸಿ ಒಗೆದಿದ್ದರು.

“ತಳಕ್ಕ ಮಣ್ಣು ತುಂಬ್ಯಾರ” ಅಂದಳು ಸಾಬವ್ವ, ಮತ್ತು ಕಟ್ಟೆ ಏರಿದಳು.

ಯಾರೋ ಬೈದರು. ಅವಳು ತಿರುಗಿ ನೋಡಲಿಲ್ಲ. ತಳವಾರನ ಚಿಲುಮೆಯ ಪಕ್ಕ ಬಿದ್ದಿದ್ದ ಇದ್ದಿಲು ತೆಗೆದುಕೊಂಡಳು. ಐದೂವರೆಯಿಂದ ಆರಕ್ಕೆ ನಾಲ್ಕು ಬೆರಳು, ಅಂದರೆ ಅರ್ಧ ಆಣೆಗೆ ನಾಲ್ಕು ಬೆರಳು. ಹಾಳೆಯ ಅಂಚಿನಿಂದ ಕೆಳಗೆ ನಾಲ್ಕು ಬೆರಳು ಇಡುವುದು, ಗೀಟು ಹಾಕುವುದು, ಮತ್ತೆ ನಾಲ್ಕು ಬೆರಳು. ಹೀಗೆ ಸೊನ್ನೆ ಮುಟ್ಟುವ ತನಕ ಹನ್ನೊಂದು ಸಲ ಮಾಡುವಷ್ಟರಲ್ಲಿ ಗೋಡೆ ಮುಗಿಯುತ್ತ ಬಂದಿತ್ತು, ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಆಮೇಲೆ ಮೂರೂ ಕಂಬಗಳನ್ನು ಅಲ್ಲಿಯ ತನಕ ಎಳೆದು ತುಂಬಿದಳು.

ಎದ್ದು ಬದಿಗೆ ಸರಿದಾಗ ಚಾವಡಿಯ ಮುಂದಿದ್ದ ಅಷ್ಟೂ ಜನ ಗೋಡೆ ನೋಡಿದರು. ಕೆಂಪು ತಲೆಯ ಮೂರು ಕರಿ ಕಂಬಗಳು, ಎದೆಯೆತ್ತರ, ಹೆಚ್ಚುಕಡಿಮೆ ಸಮ. ಬೆಳಿಗ್ಗೆ ಬೆಟ್ಟದಂತೆ ಕಂಡ ಏರಿಕೆ ಎಂಟು ಬೆರಳಿಗೆ ಇಳಿದಿತ್ತು. ಮುಂದೆ ಲಾಠಿ ಕಂಡೆ, ಜೈಲು ಕಂಡೆ, ಸಾವಿರ ಜನರ ಸಭೆ ಕಂಡೆ. ಆ ಗೋಡೆಯಂಥದ್ದನ್ನು ಮತ್ತೆ ಕಾಣಲಿಲ್ಲ.

ಅವಳ ಕೆಲಸ ಮುಗಿದಿರಲಿಲ್ಲ. ಎರಡು ವರ್ಷದ ಹಿಂದಿನ ಆರಾಣೆಗೆ ಎಷ್ಟು ಜೋಳ ಬರುತ್ತಿತ್ತು ಎಂದು ಹೆಂಗಸರನ್ನು ಕೇಳಿದಳು. ನಾಲ್ಕು ಸೇರು ಎಂದು ಭಾಗಮ್ಮ ಹೇಳಿದಳು. ಈಗಿನ ಏಳಾಣೆಗೆ? ಎರಡು ಸೇರು, ಮೇಲೆ ಒಂದು ಹಿಡಿ ಎಂದು ನಾಲ್ಕಾರು ಜನ ಒಟ್ಟಿಗೆ ಹೇಳಿದರು. ಪಕ್ಕದಲ್ಲೇ, ಅದೇ ತಳದಿಂದ ಎಬ್ಬಿಸಿ, ಇನ್ನೆರಡು ಕಂಬ ಬರೆದಳು. ಎರಡನೆಯದು ಮೊದಲನೆಯದರ ಸೊಂಟ ದಾಟಿ ಸ್ವಲ್ಪವೇ ಮೇಲೆ ನಿಂತಿತು.

ತಹಶೀಲ್ದಾರರು ಮಧ್ಯಾಹ್ನ ಬಂದರು. ಗೋಡೆಯ ಮುಂದೆ ನಿಂತು ಕಂಬಗಳನ್ನು ಒಂದೊಂದಾಗಿ ನೋಡಿದರು. ಹಾಳೆ ಬರೆದವರು ಯಾರು ಎಂದು ಕೇಳಿದರೆ ಪಾಂಡುರಂಗ ಧಣಿ ಜಗದೇವಪ್ಪನ ಮುಖ ನೋಡಿದ, ಜಗದೇವಪ್ಪ ಬೀದಿ ನೋಡಿದ. ಒಂಬತ್ತಾಣೆಗೆ ತೀರ್ಪಾಯಿತು. ಹತ್ತು ಸಿಗಲಿಲ್ಲ. ಆ ಒಂದು ಆಣೆಯ ಸಿಟ್ಟು ನನಗೆ ಇವತ್ತಿಗೂ ಇದೆ.

ಗೋಡೆಗೆ ಗೆರೆ ಎಳೆದದ್ದಕ್ಕೆ ಜಗದೇವಪ್ಪ ಸಾಬವ್ವನನ್ನು ಕೆಲಸದಿಂದ ತೆಗೆದ, ಬಾಕಿ ಇದ್ದ ಮೂವತ್ತೊಂದು ದಿನದ ಕೂಲಿಯನ್ನೂ ಕೊಡಲಿಲ್ಲ. ಅವಳನ್ನು ನಾವು ಅಫಜಲಪುರ, ಜೇವರ್ಗಿ ಕಡೆಯ ಕೂಲಿಕಾರರ ಸಭೆಗಳಿಗೆ ಕರೆದೊಯ್ದೆವು. ಭಾಷಣ ಅವಳಿಗೆ ಬರುತ್ತಿರಲಿಲ್ಲ. ನೆಲಕ್ಕೆ ಕೂತು ಕಂಬ ಬರೆದು, ಮೊದಲು ತಳ ಹುಡುಕಿರಿ ಎಂದು ಕಲಿಸುತ್ತಿದ್ದಳು. ಕೆಮ್ಮು ಹತ್ತಿ ಸತ್ತಳು. ಹಗೇವಿನ ಗಾಳಿಯೋ ಖಡಿಯ ಧೂಳೋ, ಯಾವ ಡಾಕ್ಟರೂ ನೋಡಲಿಲ್ಲ.

ನೀವು ಅಕ್ಷರ ಬಲ್ಲವರು. ದರ ಇಳಿಯಿತು, ಕೂಲಿ ಏರಿತು ಎಂದು ಇಂಥ ಕಂಬಗಳು ನಿಮ್ಮ ಪತ್ರಿಕೆಯಲ್ಲಿ ದಿನವೂ ನಿಲ್ಲುತ್ತವೆ. ಇದನ್ನು ಕೆಳಗಿಟ್ಟು ಇವತ್ತಿನ ಪತ್ರಿಕೆ ತೆಗೆಯಿರಿ. ಒಂದು ಕಂಬದ ಬುಡಕ್ಕೆ ಬೆರಳಿಟ್ಟು ಅಲ್ಲಿಯ ಅಂಕಿ ಓದಿರಿ. ಸೊನ್ನೆ ಇಲ್ಲದಿದ್ದರೆ ಪೆನ್ನು ತೆಗೆದುಕೊಂಡು ಉಳಿದದ್ದನ್ನು ನೀವೇ ಕೆಳಗೆ ಎಳೆಯಿರಿ, ನಾಲ್ಕು ಜನರ ಎದುರಿಗೆ.