ಡಿಶ್ ಗಂಗಾಧರ್ ಮತ್ತು ಮಾರ್ಚಿ ತಿಂಗಳ ಸೂರ್ಯ

ಶ್ರೀನಿವಾಸಪುರದಲ್ಲಿ ಡಿಶ್ ರಿಪೇರಿ ಮಾಡುವ ನನ್ನ ಗಂಡ ಗಂಗಾಧರ್ ನಿಜ ಹೇಳಿಯೇ ಹೆಸರು ಕೆಡಿಸಿಕೊಂಡವರು.

ಮಾರ್ಚಿಯಲ್ಲಿ ಕೆಲವು ದಿನ, ಮಧ್ಯಾಹ್ನದ ಹೊತ್ತಿಗೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಕೆಲವು ನಿಮಿಷ ಟೀವಿ ಹೋಗುತ್ತದೆ. ಬೇರೆಯವರಾದರೆ ಮಾಳಿಗೆ ಹತ್ತಿ ಯಾವುದೋ ಸ್ಕ್ರೂ ಮುಟ್ಟಿ, ಚಿತ್ರ ತಾನಾಗಿ ಬಂದಾಗ ಭೇಷ್ ಅನ್ನಿಸಿಕೊಂಡು ಇಳಿಯುತ್ತಾರೆ. ಇವರು ಕುರ್ಚಿಯಲ್ಲಿ ಕೂತು, "ಸೂರ್ಯ ಸರೀಲಿ, ಬರ್ತದೆ" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ಮಾರ್ಚಿಯಲ್ಲಿ ಉಪ್ಪಿನಕಾಯಿಗೆ ಮಿಡಿ ತರಲು ನಾವಿಬ್ಬರೂ ಪರಿಚಯದ ಅಕ್ಕಯಮ್ಮನ ತೋಟದ ಮನೆಗೆ ಹೋಗಿದ್ದೆವು. ಅವರ ಮೊಮ್ಮಗಳು ಧನಶ್ರೀ ಅವತ್ತು ಟೀವಿಯಲ್ಲಿ ಹಾಡುವವಳಿದ್ದಳು, ನೇರಪ್ರಸಾರ. ಅಜ್ಜಿಯೇ ಕಲಿಸಿದ ಸೋಬಾನೆ ಪದ. ಅಕ್ಕಯಮ್ಮ ಹೂ ಮುಡಿದು ಟೀವಿ ಮುಂದೆ ಕೂತಿದ್ದರು. ಆ ತೋಟದಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಹುಡುಗಿ ಮೈಕಿನ ಮುಂದೆ ಬಂದಳು, ಬಾಯಿ ತೆರೆದಳು, ಚಿತ್ರ ಚೂರುಚೂರಾಗಿ ನಿಂತುಹೋಯಿತು.

"ಅಯ್ಯೋ ದೇವುಡಾ! ಏನಾದ್ರೂ ಮಾಡಪ್ಪಾ ಗಂಗಾಧರಾ!"

"ಸೂರ್ಯ ಕಣಮ್ಮ," ಎಂದರು ಇವರು, ಮಜ್ಜಿಗೆ ಲೋಟ ಹಿಡಿದುಕೊಂಡೇ. "ಅವನು ಬರೀ ಬೆಳಕು ಬಿಡಲ್ಲ. ಬಿಸಿ ಬಿಡ್ತಾನೆ, ಎಕ್ಸ್‌ರೇನೂ ಬಿಡ್ತಾನೆ, ಅದನ್ನ ಮೇಲಿನ ಗಾಳಿ ತಡೀತದೆ. ರೇಡಿಯೋ ಅಲೆನೂ ಬಿಡ್ತಾನೆ. ನಕ್ಷತ್ರಗಳೆಲ್ಲ ಹಂಗೇ, ಇವನು ಹತ್ತಿರ ಇದ್ದಾನೆ, ಅಷ್ಟೆ. ಅವನ ಗಲಾಟೇಲಿ ಉಪಗ್ರಹದ ಮಾತು ಡಿಶ್‌ಗೆ ಕೇಳಲ್ಲ."

"ಬಿಸಿಲು ತಾನೇ? ಮರೆ ಮಾಡಿದ್ರಾಯ್ತು!" ಅಕ್ಕಯಮ್ಮ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯನ್ನು ಎಳೆದು ಕೊಟ್ಟರು.

"ಸೀರೆ ಬೆಳಕು ತಡೀತದಮ್ಮ. ರೇಡಿಯೋ ಅಲೆ ತೂರ್ಕೊಂಡು ಬರ್ತದೆ."

"ನನ್ ಕೂಸು ಹಾಡ್ತಾವ್ಳೆ ಕಣೋ," ಎಂದು ಅಕ್ಕಯಮ್ಮ ಅತ್ತೇಬಿಟ್ಟರು.

ಇವರು ಆ ಮುಖವನ್ನು ನೋಡಿದರು. ಲೋಟ ಕೆಳಗಿಟ್ಟರು. ಏಣಿ ಹತ್ತಿ, ಡಿಶ್‌ಗೆ ತಾವು ಅಡ್ಡವಾಗದಂತೆ ಪಕ್ಕಕ್ಕೆ ನಿಂತು, ಅದರ ಮುಂದೆ ಸೀರೆಯನ್ನು ಹಿಡಿದರು. ಆ ಉರಿಬಿಸಿಲಲ್ಲಿ ತಲೆಗೊಂದು ಟವೆಲ್ ಕೂಡ ಇರಲಿಲ್ಲ. ನನಗೆ ಬೈಯಬೇಕೆನಿಸಿತು, ಹೋಗಿ ಏಣಿ ಹಿಡಿದುಕೊಂಡೆ.

ಸೂರ್ಯ ತನ್ನ ಪಾಡಿಗೆ ತಾನು ಸರಿದ. ಚಿತ್ರ ಬಂತು. ಪದ ಉದ್ದವಿತ್ತು, ಪುಣ್ಯ. ಉಳಿದರ್ಧವನ್ನು ಅಕ್ಕಯಮ್ಮ ಮೊಮ್ಮಗಳ ಜೊತೆಗೇ ಹಾಡಿದರು.

ಇವರು ಬೆವರು ಒರೆಸಿಕೊಳ್ಳುತ್ತಾ ಇಳಿದು ಬಂದಾಗ ಅಕ್ಕಯಮ್ಮ ಲೆಕ್ಕ ಹಾಕಿಯಾಗಿತ್ತು.

"ಒಂದು ಸೀರೆಗೆ ಅರ್ಧ ಪದ ಬಂತು. ನಾಳೆನೂ ಇದೇ ಹೊತ್ತಿಗೆ ಹಾಡ್ತಾಳಂತೆ. ಎರಡು ಸೀರೆ ತೆಗೆದಿಟ್ಟಿರ್ತೀನಿ, ಬಾರಪ್ಪ."

ನಿಜ ಹೇಳುವ ನನ್ನ ಗಂಡ, "ಬರ್ತೀನಮ್ಮ," ಅಂದರು.