ಬಿಚ್ಚದ ಆರು ಕಟ್ಟುಗಳು

ನಾನು ಆ ಕಾದಂಬರಿಯನ್ನು ಓದಲಿಲ್ಲ. ಓದಿದ್ದೇನೆ ಎಂದು ಸುಳ್ಳು ಹೇಳಿದೆ — ಬರೆದವಳ ಮುಖ ನೋಡಿಕೊಂಡೇ ಹೇಳಿದೆ.

ಶಾಹೀನಾ ಶಹಾಪುರದ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಮನೆಯಲ್ಲಿ ದಖನಿ ಮಾತು, ಬರೆಯುವುದು ಮಾತ್ರ ಕನ್ನಡ. ಓದು ಮುಗಿದ ಮೇಲೆ ಸುರಪುರದಲ್ಲಿ ಹೊಲಿಗೆ ಅಂಗಡಿ ಹಾಕಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಷಿನ್ ಮೇಲೆಯೇ ಹಾಳೆಯಿಟ್ಟು ನಾಲ್ಕು ವರ್ಷ ಬರೆದು, ಒಂದು ದಿನ ಬೇರೆ ಯಾರಿಗೂ ತೋರಿಸದ ಏಳು ಕಟ್ಟು ಹಾಳೆ ತಂದು ನನ್ನ ಮುಂದಿಟ್ಟಳು. ಒಂದೊಂದಕ್ಕೂ ಕೆಂಪು ದಾರ, ಕತ್ತರಿಸದ ಹೊರತು ಬಿಚ್ಚಲಾಗದ ಗಂಟು.

ಆಗ ನನ್ನದೊಂದು ಕಾದಂಬರಿ ಅಚ್ಚಾಗಿತ್ತು, ಎರಡನೆಯದಕ್ಕೆ ಒದ್ದಾಡುತ್ತಿದ್ದೆ. ಅವಳ ಮೊದಲ ಕಟ್ಟು ಬಿಚ್ಚಿದೆ. "ಅಳತೆ ಕೊಡುವಾಗ ಹೆಂಗಸರು ಉಸಿರು ಬಿಗಿಹಿಡಿಯುತ್ತಾರೆ, ಅವರು ಬಿಡುವ ತನಕ ನಾನು ಟೇಪು ಹಿಡಿದು ಕಾಯುತ್ತೇನೆ" — ಹೀಗೆ ಶುರು. ಅಂಥದೊಂದು ವಾಕ್ಯ ನನ್ನ ಕೈಯಿಂದ ಎಂದೂ ಬಂದಿರಲಿಲ್ಲ. ಕಟ್ಟು ಮುಗಿಯುವಷ್ಟರಲ್ಲಿ ನನಗೆ ಹೊಟ್ಟೆಕಿಚ್ಚು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಚೆನ್ನಾಗಿಲ್ಲವೆಂದು ಓದದೆ ಬಿಟ್ಟಿದ್ದರೆ — ಇಲ್ಲ, ಚೆನ್ನಾಗಿತ್ತು, ಅದಕ್ಕೇ ಬಿಟ್ಟೆ.

ಎರಡು ತಿಂಗಳ ಮೇಲೆ ಕರೆದು ಕಟ್ಟುಗಳನ್ನು ವಾಪಸು ಕೊಟ್ಟೆ.

"ಕಾದಂಬರಿ ನಿನ್ನ ಕೈಯಾಗ ಆಗೂದಲ್ಲ, ಶಾಹೀನಾ. ಹೊಲಿಗಿ ಛಲೋ ಬರ್ತದ, ಅದನ್ನ ಹಿಡಿ."

"ಪೂರಾ ಓದೀರೇನ್ರಿ, ಸರ್?"

"ಪೂರಾ ಓದೀನಿ."

ಅವಳು ಒಂದೊಂದು ಕಟ್ಟಿನ ಮೇಲೂ ಬೆರಳಾಡಿಸಿದಳು, ಎದ್ದು ಹೋದಳು. ಆರು ಗಂಟುಗಳು ಅವಳು ಹಾಕಿದ ಹಾಗೇ ಇದ್ದವೆಂಬುದು ನನಗೆ ಹೊಳೆದದ್ದು ಆಮೇಲೆ. ಹಿಂದೆ ಓಡಬಹುದಿತ್ತು, ಬಸ್ ಸ್ಟ್ಯಾಂಡ್ ಏನು ಮಹಾ ದೂರ? ಓಡಲಿಲ್ಲ.

ಅಂದಿನಿಂದ ಯಾದಗಿರಿಯ ಕಮ್ಮಟಗಳಲ್ಲಿ ಹೊಸ ಬರಹಗಾರರಿಗೆ ಭಾಷಣ ಬಿಗಿಯುತ್ತಿದ್ದೇನೆ. ಧೈರ್ಯ ಮಾಡಿ ಬರೆಯಿರಿ ಎನ್ನುತ್ತೇನೆ, ಚಪ್ಪಾಳೆ ಬೀಳುತ್ತದೆ. ನನ್ನ ಎರಡನೆಯ ಕಾದಂಬರಿ ಇನ್ನೂ ಬಂದಿಲ್ಲ.

ಹತ್ತೊಂಬತ್ತು ವರ್ಷಗಳ ಮೇಲೆ, ಕಳೆದ ತಿಂಗಳು, ಹೆಂಡತಿಯ ಜಂಪರು ಹೊಲಿಸುವ ನೆಪದಲ್ಲಿ ಸುರಪುರಕ್ಕೆ ಹೋದೆ. ತಪ್ಪೊಪ್ಪಿಕೊಳ್ಳಲೆಂದೇ ಹೋದದ್ದು. ಅಂಗಡಿಯ ಗೋಡೆಯ ಮೊಳೆಗೆ ಕಾಗದದ ನಮೂನೆಗಳು ತೂಗುತ್ತಿದ್ದವು — ಬಟ್ಟೆಯ ಮೇಲಿಟ್ಟು ಕತ್ತರಿಸಲು ತೋಳು, ಕೊರಳು, ಬೆನ್ನು. ಹಾಳೆಗೆ ಹಾಳೆ ಅಂಟಿಸಿ ಮಾಡಿದವು. ಮೇಲೆ ಅವಳದೇ ದುಂಡು ಅಕ್ಷರ. ಒಂದು ತೋಳಿನ ಮೇಲೆ ಓದಿದೆ: "ಅಮ್ಮಿ ಬೀಗದ ಕೈ ನನ್ನ ಕೈಗಿಟ್ಟು, ಹಿಂದಿರುಗಿ ನೋಡದೆ" — ಅಲ್ಲಿಂದ ಮುಂದೆ ಕತ್ತರಿ ಆಡಿತ್ತು.

"ಅಮ್ಮಿ ಎಲ್ಲಿಗೆ ಹೋದ್ಳು?" ಎಂದು ಕೇಳಿಬಿಟ್ಟೆ.

ಶಾಹೀನಾ ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು. "ಅದು ಐದನೇ ಕಟ್ಟಿನಾಗ ಬರ್ತದಲ್ರಿ, ಸರ್. ನೀವು ಪೂರಾ ಓದೀರಲ್ಲ?"

ಇಲ್ಲ ಎನ್ನಬೇಕಿತ್ತು. ಆ ಒಂದು ಮಾತಿಗಾಗಿಯೇ ಅಷ್ಟು ದೂರ ಬಂದಿದ್ದೆ —

"ಓದೀನಿ," ಎಂದೆ. "ಮರ್ತೀನಿ."

"ನಾನೂ ಮರ್ತೀನ್ರಿ," ಎಂದು ನಾನು ತಂದಿದ್ದ ಹಳೆಯ ಜಂಪರಿನ ಅಳತೆ ಬರೆದುಕೊಳ್ಳತೊಡಗಿದಳು.

ಬರೆದವಳಿಗೂ ನೆನಪಿಲ್ಲದ ಆ ಕಾದಂಬರಿಯನ್ನು ಓದಬಹುದಾಗಿದ್ದವನು ಈ ಲೋಕದಲ್ಲಿ ನಾನೊಬ್ಬನೇ.